ಒಂದೇ ಬೋರ್ಡ್ ಸಾಕೆಂದರೆ ಅಗಲದ್ದನ್ನೇ ಆರಿಸಿ

ಪ್ರಶ್ನೆ: ಮೂಲ್ಕಿಯ ಶಾಂಭವಿ ಹಿನ್ನೀರಿನಲ್ಲಿ ಸ್ಟ್ಯಾಂಡ್‌ಅಪ್ ಪ್ಯಾಡಲಿಂಗ್ ಅಭ್ಯಾಸ ಮಾಡುತ್ತಿದ್ದೇನೆ. ಸಸಿಹಿತ್ಲು ಕಡಲಲ್ಲೂ ಸ್ಪರ್ಧಿಸುವಾಸೆ. ತೂಕ 78 ಕೆ.ಜಿ. 14 ಅಡಿ ಉದ್ದ, 21.5 ಇಂಚು ಅಗಲದ ರೇಸ್ ಬೋರ್ಡ್ ಕೊಳ್ಳಲೇ? ದೊಡ್ಡ ಬ್ಲೇಡಿನ ಹುಟ್ಟು ಹಾಕಿದರೆ ಭುಜ ನೋಯುತ್ತದೆ.

ಉತ್ತರ: ಬೇಡ. ಕಿರಿದಾದ ಬೋರ್ಡ್ ವೇಗವಾಗಿ ಸಾಗುತ್ತದೆ ಎಂಬ ಮಾತು ನಿಶ್ಚಲ ನೀರಿನ ಮಟ್ಟಿಗೆ ನಿಜ. ಆದರೆ ಪಕ್ಕದಿಂದ ಅಲೆ ಬಡಿಯುವಾಗ ನೀವು ಹಾಕುವ ಹುಟ್ಟುಗಳಲ್ಲಿ ಎಷ್ಟೋ ಸಮತೋಲನಕ್ಕೇ ಖರ್ಚಾಗುತ್ತವೆ, ಬೀಳುವುದರಲ್ಲಿ ಹೋಗುವ ಸಮಯ ಬೇರೆ. ನೀರನ್ನು ಸೀಳುವ ನೇರ ಮೂತಿಯೂ ಅಲೆಯಿಳಿಯುವಾಗ ಮುಂದಿನ ಅಲೆಯೊಳಗೆ ನುಗ್ಗಿಬಿಡುತ್ತದೆ. ಹಾಗಾಗಿ 14 ಅಡಿಯದ್ದೇ ಇರಲಿ, ಅಗಲ 24ರಿಂದ 25 ಇಂಚು, ಮೂತಿ ತುಸು ಮೇಲೆದ್ದು ತುಂಬಿಕೊಂಡಿರುವ ಬೋರ್ಡ್ ನೋಡಿ. ಹಿನ್ನೀರಿನಲ್ಲಿ ಹಿಂದೆ ಬೀಳುವುದಿಲ್ಲವೇ ಎಂದರೆ, ಸ್ವಲ್ಪ ಬೀಳುತ್ತೀರಿ. ಎರಡೂ ನೀರಿಗೆ ಒಂದೇ ಬೋರ್ಡ್ ಬೇಕಿದ್ದರೆ ಆ ನಷ್ಟ ಒಪ್ಪಬಹುದಾದದ್ದೇ. ಕೊಳ್ಳುವ ಮುನ್ನ ಎರಡೂ ಕಡೆ ಬಾಡಿಗೆಯ ಬೋರ್ಡ್ ಓಡಿಸಿ ನೋಡಿ.

ಹುಟ್ಟಿನ ವಿಷಯ ಇನ್ನೂ ಮುಖ್ಯ. ಸುಮಾರು 80–85 ಚದರ ಇಂಚಿನ ಚಿಕ್ಕ ಬ್ಲೇಡ್, ತುಸು ಬಾಗುವ ದಂಡ ಭುಜದ ಹೊರೆ ಇಳಿಸುತ್ತವೆ; ಬಲ ಕಡಿಮೆಯಾದರೂ ಹುಟ್ಟಿನ ಲಯ ಹೆಚ್ಚಿಸಿ ಸರಿದೂಗಿಸಬಹುದು. ಉದ್ದ ನಿಮ್ಮ ಎತ್ತರಕ್ಕಿಂತ 6–8 ಇಂಚು ಹೆಚ್ಚಿರಲಿ, ಕಡಲಲ್ಲಿ ಒಂದೆರಡು ಇಂಚು ತಗ್ಗಿಸಿ. ಸದ್ಯಕ್ಕೆ ಉದ್ದ ಹೊಂದಿಸಬಲ್ಲ ದಂಡವೇ ಒಳ್ಳೆಯದು. ರಾತ್ರಿಯೂ ನೋವಿದ್ದರೆ, ಕೈ ತಲೆಯ ಮೇಲೆತ್ತಲು ಕಷ್ಟವಾದರೆ ಮೊದಲು ಮೂಳೆತಜ್ಞರನ್ನು ಕಾಣಿ, ಖರೀದಿ ಆಮೇಲೆ. ಲೈಫ್ ಜಾಕೆಟ್ ಎರಡೂ ಕಡೆ ಬೇಕು. ಹೊಳೆಯ ಸೆಳೆತದಲ್ಲಿ ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟಬೇಡಿ, ತಟ್ಟನೆ ಬಿಚ್ಚಿಕೊಳ್ಳುವ ಸೊಂಟದ ಪಟ್ಟಿಗೆ ಕಟ್ಟಿ.