ಸ್ಕ್ಯಾನರ್ ಏನೂ ತೋರಿಸ್ತಿಲ್ಲ ಸಾರ್

ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಾಗಲಿ ಹೇಮಗಿರಿ ಜಾತ್ರೆಯಲ್ಲಾಗಲಿ, ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ರೈತ ಹಲ್ಲು ಎಣಿಸಿ ಸುಳಿ ನೋಡಿದ ಮಾತ್ರಕ್ಕೆ ಟವೆಲ್ಲಿನಡಿ ಬೆರಳು ಹಿಡಿಯುವುದಿಲ್ಲ. ನಡೆಸಿ ನೋಡುತ್ತಾನೆ, ತಿರುಗಿಸಿ ನೋಡುತ್ತಾನೆ. ನಿಂತ ಎತ್ತಿನಲ್ಲಿ ಕುಂಟು ಕಾಣದು, ಕೆಲವು ಕುಂಟು ಒಂದಷ್ಟು ದೂರ ನಡೆದ ಮೇಲೇ ಹೊರಬೀಳುವುದು ಎಂದು ಅವನಿಗೆ ಗೊತ್ತು. ಅದೇ ಮನೆಯವರು ನಾಲ್ಕು ಲಕ್ಷ ಎಣಿಸಿ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ತರುವಾಗ ಬಣ್ಣ, ಟೈರು, ಕಿಲೊಮೀಟರ್ ನೋಡಿ, ಅಂಗಡಿ ಮುಂದೆ ಒಂದು ಸುತ್ತು ಹೊಡೆದು ಮುಂಗಡ ಕೊಟ್ಟುಬಿಡುತ್ತಾರೆ. ಕೆಲವು ತಿಂಗಳಾದ ಮೇಲೆ ಕಾರು ಆಗೊಮ್ಮೆ ಈಗೊಮ್ಮೆ ಜರ್ಕ್ ಹೊಡೆಯುತ್ತದೆ, ಎರಡನೇ ಗೇರಿಗೆ ಬೀಳದೆ ಸತಾಯಿಸುತ್ತದೆ, ಒಂದು ದಿನ ನಡುರಸ್ತೆಯಲ್ಲಿ ತಾನಾಗಿ ನ್ಯೂಟ್ರಲ್‌ಗೆ ಬಂದು ನಿಲ್ಲುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದ ದಿನವಂತೂ ಮದುಮಗಳ ಹಾಗೆ ತೆಪ್ಪಗಿರುತ್ತದೆ. ‘ಸ್ಕ್ಯಾನರ್ ಏನೂ ತೋರಿಸ್ತಿಲ್ಲ ಸಾರ್, ಒಂದ್ಸಲ ಗೇರ್‌ಬಾಕ್ಸ್ ಇಳಿಸಿ ನೋಡ್ಬಿಡೋಣ’ ಎಂಬ ಮಾತು ಬರುವುದು ಆಗಲೇ. ಜೇಬು ತೂತಾಗುವುದು ದೋಷದಿಂದಲ್ಲ, ಈ ಮಾತಿಗೆ ‘ಹ್ಞೂಂ’ ಅಂದಾಗಿನಿಂದ. ಬಂದು ಹೋಗುವ ದೋಷಕ್ಕೆ ಮೊದಲ ದುಡ್ಡು ಬಿಡಿಭಾಗಕ್ಕಲ್ಲ, ಪುರಾವೆಗೆ ಹೋಗಬೇಕು ಎಂಬುದು ನನ್ನ ವಾದ.

ಯಾಕೆಂದು ತಿಳಿಯಲು ಗಾಡಿಯ ಒಳಗನ್ನು ಸ್ವಲ್ಪ ನೋಡಬೇಕು. ನಮ್ಮ ಮಂಡ್ಯದ ಕಡೆ ಕಡಿಮೆ ಬೆಲೆಗೆ ಸಿಗುವ ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಬಹುಪಾಲು ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್). 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ಸಾಮಾನ್ಯರ ಕೈಗೆ ಬಂತು. ಇದರಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಕ್ಲಚ್ ಪ್ಲೇಟ್ ಇದೆ. ಗೇರ್‌ಬಾಕ್ಸೂ ಮ್ಯಾನ್ಯುಯಲ್ ಕಾರಿನದೇ. ಚಾಲಕನ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಒಂದು ಪುಟ್ಟ ಎಲೆಕ್ಟ್ರಿಕ್ ಪಂಪ್, ಅದು ಕಟ್ಟುವ ಆಯಿಲ್ ಒತ್ತಡ, ನಾಲ್ಕಾರು ವಾಲ್ವ್, ಸೆನ್ಸರ್ ಮತ್ತು ಒಂದು ಕಂಪ್ಯೂಟರ್ ಮಾಡುತ್ತವೆ. ಪಂಪಿಗೆ ಕರೆಂಟ್ ಬರುವುದು ಬಾನೆಟ್ ಕೆಳಗಿನ ಅದೇ 12 ವೋಲ್ಟ್ ಬ್ಯಾಟರಿಯಿಂದ. ಬ್ಯಾಟರಿ ಸೊರಗಿದರೆ, ಅರ್ಥ್ ವೈರಿನ ತುದಿಯಲ್ಲಿ ತುಕ್ಕು ಹಿಡಿದರೆ, ಕನೆಕ್ಟರಿನ ಪಿನ್ ಸಡಿಲವಾದರೆ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ. ಬ್ರೇಕ್ ಪೆಡಲ್ ಮೇಲಿನ ಚಿಕ್ಕ ಸ್ವಿಚ್ ಕೈಕೊಟ್ಟರೂ ಗೇರ್ ಹಾಕಲು ಅದು ಒಪ್ಪದು, ಬ್ರೇಕ್ ಒತ್ತಿದ್ದೀರಿ ಎಂದೇ ಅದಕ್ಕೆ ಗೊತ್ತಾಗುವುದಿಲ್ಲ. ಇವೆಲ್ಲ ಬಿಸಿಲಿಗೆ, ಅದುರುವಿಕೆಗೆ, ತೇವಕ್ಕೆ ತಕ್ಕಂತೆ ಬಂದು ಹೋಗುವ ಕಾಯಿಲೆಗಳು. ಹಲ್ಲು ಮುರಿದ ಗೇರು ಸೋಮವಾರ ಮುರಿದು ಮಂಗಳವಾರ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ದೋಷ ಬಂದು ಹೋಗುತ್ತಿದೆ ಎಂಬುದೇ ಒಂದು ಸುಳಿವು: ಅನುಮಾನ ಮೊದಲು ಕರೆಂಟಿನ ಕಡೆ, ಆಯಿಲ್ ಒತ್ತಡದ ಕಡೆ ಹೋಗಬೇಕು, ಕಬ್ಬಿಣದ ಕಡೆ ಕೊನೆಗೆ. ಬ್ಯಾಟರಿ ಪರೀಕ್ಷೆ, ಅರ್ಥ್ ಉಜ್ಜುವುದು, ಸ್ವಿಚ್ ಬದಲಿಸುವುದು ನೂರು, ಸಾವಿರದ ಲೆಕ್ಕದ ಕೆಲಸ, ನಾಗಮಂಗಲದ ಯಾವ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ನೂ ಮಾಡಬಲ್ಲ. ಅದನ್ನು ಬಿಟ್ಟು ನೇರ ಗೇರ್‌ಬಾಕ್ಸ್ ಇಳಿಸುವುದು ನೆಗಡಿಗೆ ಮೂಗು ಕೊಯ್ದ ಹಾಗೆ. ಬೆಲ್ಟಿನ ಮೇಲೆ ನಡೆಯುವ ಇನ್ನೊಂದು ಬಗೆಯ ಆಟೊಮ್ಯಾಟಿಕ್ ಆದ ಸಿವಿಟಿ ಇರುವ ಕಾರಿನಲ್ಲಿ ತಪಾಸಣೆಯ ಪಟ್ಟಿ ಬೇರೆ: ಅಲ್ಲಿ ಆಯಿಲ್ ಯಾವಾಗ ಬದಲಾಯಿತು, ಕಂಪನಿ ಹೇಳಿದ ಆಯಿಲನ್ನೇ ಹಾಕಿದರೇ ಎಂಬುದು ಮೊದಲ ಪ್ರಶ್ನೆ. ತಪ್ಪು ಆಯಿಲ್ ಬಿದ್ದ ಸಿವಿಟಿಯನ್ನು ಉಳಿಸುವುದು ಕಷ್ಟ.

ಪುರಾವೆ ಎಂದರೆ ಏನು? ಒಂದು ನೋಟ್‌ಬುಕ್ ಮತ್ತು ಒಂದು ಸರಿಯಾದ ಸ್ಕ್ಯಾನ್. ದೋಷ ಬಂದಾಗಲೆಲ್ಲ ದಿನಾಂಕ, ಹೊತ್ತು, ಸ್ಟಾರ್ಟ್ ಮಾಡಿ ಎಷ್ಟು ನಿಮಿಷವಾಗಿತ್ತು, ಏಸಿ ಓಡುತ್ತಿತ್ತೇ, ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ, ಏರೋ ಸಮತಟ್ಟೋ ಎಂದು ಬರೆದಿಡಿ. ಹತ್ತು ಸಾಲು ಸೇರುವಷ್ಟರಲ್ಲಿ ಒಂದು ಚಹರೆ ಮೂಡುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ತೊಂದರೆಯಾದರೆ ಬ್ಯಾಟರಿ ಕಡೆ ನೋಡಿ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡು ಟ್ರೈಲರ್ ಹಿಂದೆ ಮೊದಲ ಗೇರು, ಎರಡನೇ ಗೇರು ಎಂದು ತೆವಳಿದ ಮೇಲೆಯೇ ಜರ್ಕ್ ಬಂದರೆ, ಕಾದ ಕ್ಲಚ್ ಮೇಲೆ ಅನುಮಾನ ಪಡಿ. ಎಎಂಟಿ ಕಾರನ್ನು ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಹಿಡಿದು ನಿಲ್ಲಿಸುವ ಚಾಳಿ ಹಿಂದಿನ ಮಾಲೀಕನಿಗಿದ್ದರೆ ಆ ಪ್ಲೇಟ್ ಎಂದೋ ಸವೆದಿರುತ್ತದೆ. ಇನ್ನು ಸ್ಕ್ಯಾನ್. ಸಾವಿರ ರೂಪಾಯಿಯ ಬ್ಲೂಟೂತ್ ಸಾಧನಗಳು ಬಹಳಷ್ಟು ಸಲ ಇಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅದರಲ್ಲಿ ಪಿ0700 ಎಂಬ ಕೋಡ್ ಬಂದರೆ ‘ಗೇರಿನ ಕಂಪ್ಯೂಟರ್ ಏನನ್ನೋ ದೂರುತ್ತಿದೆ’ ಎಂದಷ್ಟೇ ಅರ್ಥ, ದೂರು ಏನೆಂದು ತಿಳಿಯಲು ಆ ಕಂಪ್ಯೂಟರನ್ನೇ ಓದುವ ಸ್ಕ್ಯಾನರ್ ಬೇಕು. ಜೊತೆಗೆ ಪಿ0562 ಇದ್ದರೆ ವೋಲ್ಟೇಜ್ ಕುಸಿದಿದೆ ಎಂದು, ನೆಟ್ಟಗೆ ಬ್ಯಾಟರಿ, ಆಲ್ಟರ್ನೇಟರ್ ಕಡೆಗೆ ಬೆರಳು. ಇದೆಲ್ಲಕ್ಕಿಂತ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಯಾರೂ ಕೇಳದ ಇನ್ನೊಂದು ಅಂಕಿ: ಕೋಡ್ ಅಳಿಸಿದ ಮೇಲೆ ಕಾರು ಓಡಿದ ದೂರ. ಇಂಜಿನ್ ಕಂಪ್ಯೂಟರ್ ಅದನ್ನು ಲೆಕ್ಕ ಇಟ್ಟಿರುತ್ತದೆ, ಸಾಧಾರಣ ಸ್ಕ್ಯಾನರಿನಲ್ಲೂ ಅನೇಕ ಕಾರುಗಳಲ್ಲಿ ಸಿಗುತ್ತದೆ. ಅರವತ್ತು ಸಾವಿರ ಕಿಲೊಮೀಟರ್ ಓಡಿದ ಕಾರಿನಲ್ಲಿ ಆ ಅಂಕಿ 30 ಕಿಲೊಮೀಟರ್ ಎಂದಿದ್ದರೆ, ನಿಮಗೆ ತೋರಿಸುವ ಮುನ್ನ ಯಾರೋ ಸ್ಲೇಟು ಒರೆಸಿದ್ದಾರೆ. ಬ್ಯಾಟರಿ ಬಿಚ್ಚಿ ಹಾಕಿದರೂ ಕೆಲವು ಕಾರುಗಳಲ್ಲಿ ಹೀಗಾಗುವುದುಂಟು, ಆದ್ದರಿಂದ ಅದೊಂದೇ ಅಪರಾಧದ ಸಾಕ್ಷಿಯಲ್ಲ. ಆದರೆ ಪ್ರಶ್ನೆ ಕೇಳಲು, ಮುಂಗಡ ತಡೆಹಿಡಿಯಲು ಅಷ್ಟು ಸಾಕು. ಕೊಳ್ಳುವ ಮುನ್ನವಾದರೆ ಕಾರನ್ನು ಮುಕ್ಕಾಲು ಗಂಟೆ ಓಡಿಸಿ ಕಾಯಿಸಿ, ಮೇಲುಕೋಟೆಯ ಏರು ಹತ್ತಿಸಿ. ದನದ ಜಾತ್ರೆಯವರು ಎತ್ತಿಗೆ ಮಾಡುವುದನ್ನೇ ಕಾರಿಗೂ ಮಾಡಬೇಕು.

ಇನ್ನು ಲೆಕ್ಕಕ್ಕೆ ಬರೋಣ. ನಿಮ್ಮ ಕಾರು ಸರಿಯಿದ್ದರೆ ನಾಲ್ಕು ಲಕ್ಷಕ್ಕೆ ಹೋಗುತ್ತದೆ, ದೋಷವನ್ನು ಬಾಯಿಬಿಟ್ಟು ಹೇಳಿದರೆ ಮೂರೂಕಾಲು ಲಕ್ಷಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ನಡುವಿನ 75,000 ರೂಪಾಯಿಯೇ ನಿಮ್ಮ ರಿಪೇರಿಯ ಗಡಿ. ಈಗ ಪುರಾವೆಯಿಲ್ಲದೆ 45,000 ಕೊಟ್ಟು ಕ್ಲಚ್, ಗೇರು ಸರಿಸುವ ಆ ಪಂಪ್-ವಾಲ್ವ್ ಜೋಡಣೆಯನ್ನೇ, ಅಂದರೆ ಒಂದು ಆಕ್ಚುಯೇಟರ್, ಹಾಕಿಸಿದಿರಿ, ಹದಿನೈದು ದಿನಕ್ಕೆ ಜರ್ಕ್ ಮರಳಿತು. ಬಿಚ್ಚಿ ಹಾಕಿದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವನು ವಾಪಸ್ ಪಡೆಯುವುದಿಲ್ಲ. ಕಾರಿನ ಬೆಲೆ ಮೂರೂಕಾಲು ಲಕ್ಷದಲ್ಲೇ ಇದೆ, ಗಡಿಯಲ್ಲಿ ಉಳಿದದ್ದು 30,000. ‘ಇಷ್ಟು ಹಾಕಿಯಾಯ್ತಲ್ಲ, ಇನ್ನೊಂದಿಷ್ಟು ಹಾಕೋಣ’ ಎನಿಸುವುದು ಇಲ್ಲೇ. ಬತ್ತಿದ ಬೋರ್‌ವೆಲ್ಲಿಗೆ ಇನ್ನೂರು ಅಡಿ, ಇನ್ನೂರು ಅಡಿ ಎಂದು ಕೊರೆಸುತ್ತಾ ಹೋದ ಕಥೆ ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೋದ ದುಡ್ಡನ್ನು ಗಡಿಯೊಳಗೇ ಲೆಕ್ಕ ಹಿಡಿಯಬೇಕು, ಗಡಿಯನ್ನು ಮುಂದಕ್ಕೆ ತಳ್ಳಬಾರದು. ಇದಕ್ಕೆ ಊರಿನ ದೂರವನ್ನೂ ಸೇರಿಸಿ. ಶ್ರೀರಂಗಪಟ್ಟಣದವರಿಗೆ ಮೈಸೂರಿನ ಗೇರ್‌ಬಾಕ್ಸ್ ತಜ್ಞರು ಅರ್ಧ ಗಂಟೆಯ ಹಾದಿ. ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ ಅದು ಐವತ್ತು ಅರವತ್ತು ಕಿಲೊಮೀಟರ್. ಟೋಯಿಂಗ್ ಬಾಡಿಗೆ, ಒಂದು ದಿನದ ಕೆಲಸ, ವಾಪಸು ಬರಲು ಬಸ್ಸು, ಮತ್ತೆ ತರಲು ಇನ್ನೊಂದು ದಿನ. ಕಾರು ‘ಚೆನ್ನಾಗೇ ಇದೆ’ ಎಂದು ಮರಳಿ ಬಂದ ಪ್ರತಿ ಸಲವೂ ಇಷ್ಟು ಖರ್ಚು. ಹಾಗಾಗಿ ಒಂದೇ ಕಾರು ಶ್ರೀರಂಗಪಟ್ಟಣದಲ್ಲಿ ಇಟ್ಟುಕೊಳ್ಳಲು ಯೋಗ್ಯವಾಗಿ, ನಾಗಮಂಗಲದ ಒಳಹಳ್ಳಿಯಲ್ಲಿ ಮಾರಲು ಯೋಗ್ಯವಾಗಿ ಇರಬಹುದು. ರಾತ್ರಿ ಹೊತ್ತು ಬಿ.ಜಿ. ನಗರದ ಆಸ್ಪತ್ರೆಗೋ ಮೈಸೂರಿಗೋ ಓಡಲು ಮನೆಯಲ್ಲಿರುವುದು ಅದೊಂದೇ ಗಾಡಿ ಎಂದಾದರೆ ಲೆಕ್ಕ ಇನ್ನೂ ಬಿಗಿ.

‘ತಿಂಗಳಿಗೊಮ್ಮೆ ಬರುವ ಜರ್ಕಿಗೆ ಇಷ್ಟೆಲ್ಲ ಯಾಕೆ, ಓಡುವಷ್ಟು ದಿನ ಓಡಲಿ’ ಎನ್ನುವವರಿದ್ದಾರೆ. ಹಳ್ಳಿ ರಸ್ತೆಯಲ್ಲಿ ಅದು ಕಿರಿಕಿರಿ, ಅಷ್ಟೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ, ಹಿಂದಿನವರು ನೂರರಲ್ಲಿ ಬರುತ್ತಿರುವಾಗ ಕಾರು ನ್ಯೂಟ್ರಲ್‌ಗೆ ಬಿದ್ದರೆ ಮಾತು ಬೇರೆ. ಆ ಜರ್ಕ್ ನ್ಯೂಟ್ರಲ್‌ಗೆ ತಿರುಗಿದ ದಿನದಿಂದ ಆ ರಸ್ತೆ ಬಿಟ್ಟುಬಿಡುವುದೇ ಸರಿ. ‘ತಪಾಸಣೆಗೆ ಎರಡು ಸಾವಿರ ಕೊಟ್ಟೆವು, ಏನೂ ಸಿಗಲಿಲ್ಲ, ದಂಡ’ ಎಂಬುದು ಇನ್ನೊಂದು ಆಕ್ಷೇಪ. ಬ್ಯಾಟರಿ ಸರಿ, ಅರ್ಥ್ ಸರಿ, ಒತ್ತಡ ಸರಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡರೆ ಅದು ದಂಡವಲ್ಲ. ಮುಂದಿನ ಗ್ಯಾರೇಜಿನವನು ಅದೇ ಕೆಲಸಕ್ಕೆ ಮತ್ತೆ ದುಡ್ಡು ಕೇಳದಂತೆ ಮಾಡುವ ಕಾಗದ ಅದು. ಬಾಯಿಮಾತಿನ ತಪಾಸಣೆಯಾದರೆ ಮಾತ್ರ ದಂಡ. ‘ವಾರಂಟಿ ಇದೆ’ ಎಂಬ ಧೈರ್ಯದವರು ಆ ಹಾಳೆಯನ್ನು ಒಮ್ಮೆ ಪೂರ್ತಿ ಓದಲಿ. ಹಳೆಯ ಕಾರಿನ ವಾರಂಟಿಗಳಲ್ಲಿ ಕ್ಲಚ್ ಪ್ಲೇಟನ್ನು ಸವೆಯುವ ಸಾಮಾನೆಂದು ಹೊರಗಿಡುವುದೇ ಹೆಚ್ಚು. ವಾಹನ ವಿಮೆಯಂತೂ ಅಪಘಾತಕ್ಕೆ, ಕಳವಿಗೆ. ತಾನಾಗಿ ಕೆಟ್ಟ ಯಂತ್ರಕ್ಕಲ್ಲ. ಮ್ಯಾನ್ಯುಯಲ್ ತೆಗೆದುಕೊಂಡಿದ್ದರೆ ಈ ಗೋಳಿರಲಿಲ್ಲ ಎಂಬುದನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಮಂಡಿನೋವಿನವರಿಗೆ, ಐವತ್ತರ ನಂತರ ಡ್ರೈವಿಂಗ್ ಕಲಿತವರಿಗೆ ಆಟೊಮ್ಯಾಟಿಕ್ ಷೋಕಿಯಲ್ಲ, ಅನುಕೂಲ. ಅದಕ್ಕೊಂದು ಬೆಲೆ ಇದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವ ಸಲಹೆ ‘ಸದ್ದಿಲ್ಲದೆ ಮಾರಿಬಿಡಿ’. ಮಾರುವುದು ತಪ್ಪಲ್ಲ, ಗಡಿ ಮೀರಿದರೆ ಮಾರಲೇಬೇಕು. ಸದ್ದಿಲ್ಲದೆ ಎಂಬುದೇ ಕೆಟ್ಟದ್ದು, ದುಡ್ಡಿನ ಲೆಕ್ಕದಲ್ಲೂ ಕೆಟ್ಟದ್ದು. ಕೊಳ್ಳುವವನು ನೋಡಿಕೊಂಡು ಕೊಳ್ಳಬೇಕು ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ಧೋರಣೆ ನಿಜ. ಆದರೆ ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದನ್ನು 1872ರ ಕರಾರು ಕಾಯ್ದೆಯ 17ನೇ ಕಲಂ ವಂಚನೆ ಎನ್ನುತ್ತದೆ. ಮಾರುವ ಹಿಂದಿನ ದಿನ ಕೋಡ್ ಅಳಿಸಿದ್ದು ಈ ಮಾತಿಗೆ ಬಹಳ ಹತ್ತಿರ ಬರುತ್ತದೆ. ದೋಷ ಹೇಳಿ ಮಾರಿದರೆ, ಅದನ್ನೇ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ, ಮುಂದೆ ಯಾರೂ ನಿಮ್ಮ ಮನೆ ಬಾಗಿಲಿಗೆ ಬರುವಂತಿಲ್ಲ. ನಮ್ಮ ಸುತ್ತಲ ತಾಲ್ಲೂಕುಗಳ ಪರಿಚಯದ ಬಳಗದಲ್ಲಿ ಕಾರು ಹೇಗೂ ಕೈ ಬದಲಿಸುತ್ತಲೇ ಇರುತ್ತದೆ, ಕೊಂಡವನು ನೆಂಟರ ನೆಂಟನಾಗಿರುವುದೇ ಹೆಚ್ಚು.

ಕೊಂಡವರು ನೀವಾಗಿದ್ದು, ಮುಚ್ಚಿಟ್ಟು ಮಾರಿದವರು ಕಾರು ವ್ಯಾಪಾರವನ್ನೇ ಕಸುಬು ಮಾಡಿಕೊಂಡವರಾಗಿದ್ದರೆ ನಿಮಗೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದ ದಾರಿ ಇದೆ. ಖಾಸಗಿಯಾಗಿ ಮಾರಿದ ಮಾಲೀಕನ ಮೇಲೆ ಅಲ್ಲಿಗೆ ಹೋಗಲಾಗದು, ಸಿವಿಲ್ ಕೋರ್ಟೇ ಗತಿ. ಆಯೋಗದ ಮುಂದೆ ‘ಆಗಾಗ ಜರ್ಕ್ ಹೊಡೆಯುತ್ತೆ ಸ್ವಾಮಿ’ ಎಂದರೆ ನಡೆಯದು. ದಿನಾಂಕ ಬರೆದ ನೋಟ್‌ಬುಕ್, ಜಾಬ್ ಕಾರ್ಡ್, ಅಳಿಸುವ ಮುನ್ನ ಫೋನಿನಲ್ಲಿ ಹಿಡಿದ ಸ್ಕ್ಯಾನರ್ ಪರದೆಯ ಚಿತ್ರ ಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.