ಪಕ್ಷಾಂತರಕ್ಕೂ ಬಿಲ್ಲಿಗೂ ಸಂಬಂಧವಿಲ್ಲ

ಮಾರ್ವೆಲ್ ಬಿಟ್ಟು ಡಿಸಿಗೆ ಬಂದವರು, ಡಿಸಿ ಸಾಕಾಗಿ ಇಮೇಜ್ ಕಾಮಿಕ್ಸ್ ಕಡೆ ವಾಲಿದವರು, ಎಲ್ಲ ಸುತ್ತಿ ಮತ್ತೆ ಮಾರ್ವೆಲ್‌ಗೇ ಮರಳಿದವರು: ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನ ಹಳೆಯ ಓದುಗರಲ್ಲಿ ಇಂಥವರಿಗೇನೂ ಬರವಿಲ್ಲ, ನಾನೂ ಅದೇ ಗುಂಪು. ಯಾಕೆ ಬಿಟ್ಟಿರಿ ಎಂದರೆ ಕಥೆ ಹಳಸಿತು, ಬೆಲೆ ಏರಿತು ಎನ್ನುತ್ತೇವೆ. ಆದರೆ ಹಾಗೆ ಪಕ್ಷಾಂತರ ಮಾಡಿದ್ದರಿಂದ ಯಾರದಾದರೂ ಖರ್ಚು ಇಳಿದದ್ದನ್ನು ನಾನು ಕಂಡಿಲ್ಲ. ಅಂಗಡಿಯಲ್ಲಿ ಮುಂಗಡ ಹೇಳಿಟ್ಟ ಪುಲ್ ಲಿಸ್ಟ್‌ನಲ್ಲಿರುವ ಹೆಸರುಗಳು ಬದಲಾಗುತ್ತವೆ, ಹೊಸ ಸಂಚಿಕೆ ಬರುವ ಬುಧವಾರದ ಬಿಲ್ಲು ಹಾಗೇ ಇರುತ್ತದೆ. ತಿಂಗಳಿಗೆ 4.99 ಡಾಲರ್‌ನ ಹತ್ತು ಸರಣಿ ಹಿಡಿದರೆ ವರ್ಷಕ್ಕೆ ಸುಮಾರು 600 ಡಾಲರ್. ಮುಖಪುಟದ ಮೂಲೆಯಲ್ಲಿ ಯಾರ ಮುದ್ರೆ ಇದ್ದರೂ ಅಷ್ಟೇ. ಒಂದು ಕಂಪನಿಯ ಮುದ್ರೆ ಬಿದ್ದದ್ದನ್ನೆಲ್ಲ ಕೊಳ್ಳುತ್ತೇನೆಂದು ಒಪ್ಪಿಕೊಂಡ ಆ ಒಂದು ತೀರ್ಮಾನವೇ ದುಬಾರಿ.

ಈ ತೀರ್ಮಾನದ ಬೆಲೆ ಎಷ್ಟೆಂದು ನೋಡಲು 1991ರಲ್ಲಿ ಮಾರ್ವೆಲ್ ಹೊರತಂದ 'ಎಕ್ಸ್-ಮೆನ್' ಹೊಸ ಸರಣಿಯ ಮೊದಲ ಸಂಚಿಕೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬರೆದವರು ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ಜಿಮ್ ಲೀ ಅವರದು. ಒಳಗಿನ ಕಥೆ ಒಂದೇ, ಮುಖಪುಟ ಮಾತ್ರ ಐದು. ನಾಲ್ಕನ್ನು ಸಾಲಾಗಿ ಜೋಡಿಸಿದರೆ ಒಂದು ಅಗಲವಾದ ಚಿತ್ರವಾಗುತ್ತದೆ; ಐದನೆಯದರಲ್ಲಿ ಆ ಪೂರ್ತಿ ಚಿತ್ರವನ್ನೇ ಮಡಚಿ ಕೊಟ್ಟಿದ್ದಾರೆ. ತಲಾ 1.50 ಡಾಲರ್‌ನಂತೆ ನಾಲ್ಕಕ್ಕೆ 6, ಮಡಿಕೆಯದಕ್ಕೆ 3.95, ಒಟ್ಟು 9.95 ಡಾಲರ್. ನಿಷ್ಠಾವಂತರು ಐದನ್ನೂ ಕೊಂಡರು. 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಂಗಡಿ ಸೇರಿದವು. ಅದೇ ಹಣವನ್ನು ಷೇರಿಗೆ ಹಾಕಿದ್ದರೆ? 1991ರ ಕೊನೆಯಲ್ಲಿ ಅಮೆರಿಕದ ಷೇರುಪೇಟೆಯ ಎಸ್ ಆ್ಯಂಡ್ ಪಿ 500 ಸೂಚ್ಯಂಕ 417ರಲ್ಲಿತ್ತು, 2024ರ ಕೊನೆಗೆ 5,881. ಹದಿನಾಲ್ಕು ಪಟ್ಟು ಎಂದಿಟ್ಟುಕೊಂಡರೂ ಆ 9.95 ಡಾಲರ್ ಸುಮಾರು 140 ಆಗುತ್ತಿತ್ತು, ಡಿವಿಡೆಂಡ್ ಬೇರೆ. ಷೇರು ಬೇಡ, ಹಣದುಬ್ಬರದ ಸರಿಸಮ ಬಂದರೆ ಸಾಕು ಎನ್ನುವವರಿಗೆ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ 23 ಡಾಲರ್ ಆಗಬೇಕು. ಆದರೆ ಆ ಸಂಚಿಕೆಯ ಸಾಧಾರಣ ಪ್ರತಿ ಇವತ್ತಿಗೂ ಹಳೆಯ ಸಂಚಿಕೆಗಳ ಡಬ್ಬದಲ್ಲಿ ಬೆರಳೆಣಿಕೆಯ ಡಾಲರ್‌ಗೆ ಸಿಗುತ್ತದೆ. ಪ್ಲಾಸ್ಟಿಕ್ ಚೀಲ, ರಟ್ಟು, ಮೂರು ದಶಕ ಮನೆಯಲ್ಲಿ ಅವು ಕೂತ ಜಾಗ, ಇವನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

'ಆ್ಯಕ್ಷನ್ ಕಾಮಿಕ್ಸ್' ಒಂದನೇ ಸಂಚಿಕೆಯ ಕಥೆ ಏನು ಎಂದು ಕೂಡಲೇ ಯಾರಾದರೂ ಕೇಳುತ್ತಾರೆ. 1938ರಲ್ಲಿ ಹತ್ತು ಸೆಂಟ್‌ಗೆ ಮಾರಿದ ಪುಸ್ತಕದ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೆ ಹೋದದ್ದು ನಿಜ. ಆದರೆ ಆಗಿನ ಮಕ್ಕಳು ಓದಿ, ಹರಿದು, ಎಸೆದರು. ಮಹಾಯುದ್ಧದ ಕಾಲದಲ್ಲಿ ರಾಶಿಗಟ್ಟಲೆ ರದ್ದಿಗೂ ಹೋದವು. ಅಳಿದುಳಿದ ಸ್ವಲ್ಪಕ್ಕೆ ಆ ಬೆಲೆ. 1991ರದ್ದನ್ನು ಎಲ್ಲರೂ ಮುಂದೆ ಮಾರುವುದಕ್ಕೆಂದೇ ಜೋಪಾನ ಮಾಡಿದರು. ಎಲ್ಲರ ಬಳಿಯೂ ಇರುವ ಮಾಲಿಗೆ ಗಿರಾಕಿ ಎಲ್ಲಿಂದ ಬರಬೇಕು? ಇಷ್ಟಾದರೂ ಒಂದೇ ಸಂಚಿಕೆಗೆ ಬೇರೆ ಬೇರೆ ಮುಖಪುಟ ಹಾಕುವ ವೇರಿಯಂಟ್ ಕವರ್ ಹಾವಳಿ ನಿಂತಿಲ್ಲ. ಅಂಗಡಿಯವನು ಇಪ್ಪತ್ತೈದು ಪ್ರತಿ ತರಿಸಿದರೆ ಒಂದು ವಿಶೇಷ ಮುಖಪುಟವಂತೆ! ಆ ಒಂದಕ್ಕೆ ಹೆಚ್ಚಿಗೆ ದುಡ್ಡು ಕೊಡುವವರು, ಹರಾಜಿನ ಬೆಲೆಯನ್ನು ದಿನಾ ನೋಡುವವರು, ಓದಬೇಕಾದ ಪುಸ್ತಕವನ್ನು ಸ್ಲ್ಯಾಬ್ ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿಸಿಡುವವರು ಹೂಡಿಕೆ ಎಂಬ ಮಾತನ್ನು ಬಾಯಿಗೆ ತರಬಾರದು. ಕನಿಷ್ಠ ಕೊಂಡದ್ದನ್ನು ಓದುವ ಅಭ್ಯಾಸವಿರಲಿ.

ಇನ್ನು ನಿಷ್ಠೆ ಯಾರಿಗೆ ಎಂಬ ಪ್ರಶ್ನೆ. ಆ ಐದು ಮುಖಪುಟ ಚಿತ್ರಿಸಿದ ಜಿಮ್ ಲೀ ಮರುವರ್ಷವೇ ಮಾರ್ವೆಲ್ ತೊರೆದು ಟಾಡ್ ಮೆಕ್‌ಫಾರ್ಲೇನ್ ಮುಂತಾದವರ ಜೊತೆ ಇಮೇಜ್ ಕಟ್ಟಿದರು. ಆಮೇಲೆ ತಮ್ಮ ವೈಲ್ಡ್‌ಸ್ಟಾರ್ಮ್ ಸಂಸ್ಥೆಯನ್ನು ಡಿಸಿಗೆ ಮಾರಿ, ಈಗ ಡಿಸಿಯ ಚುಕ್ಕಾಣಿಯನ್ನೇ ಹಿಡಿದಿದ್ದಾರೆ. ಮಾರ್ವೆಲ್‌ನ ಅರ್ಧ ಜಗತ್ತನ್ನು ಕಟ್ಟಿದ ಜ್ಯಾಕ್ ಕರ್ಬಿ 1970ರಲ್ಲೇ ಡಿಸಿಗೆ ಹೋಗಿದ್ದರು, ಕೆಲ ವರ್ಷಗಳಲ್ಲಿ ಮರಳಿದರು. ಮಾರ್ವೆಲ್‌ನ 'ಡೇರ್‌ಡೆವಿಲ್'ನಿಂದ ಹೆಸರಾದ ಫ್ರ್ಯಾಂಕ್ ಮಿಲ್ಲರ್ 1986ರಲ್ಲಿ ಡಿಸಿಗೆ ಬ್ಯಾಟ್‌ಮನ್ ಬರೆದರು. ಮಾರ್ವೆಲ್ ಕಂಪನಿಯೇ 1996ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರಲ್ಲಿ ಡಿಸ್ನಿಯ ಪಾಲಾಯಿತು. ಕೆಲಸಗಾರರೂ ಮಾಲೀಕರೂ ಬದಲಾದ ಮೇಲೆ ಉಳಿಯುವುದು ಪಾತ್ರಗಳ ಹೆಸರು. ಆ ಹೆಸರಿನ ಸೆಳೆತ ಸುಳ್ಳಲ್ಲ, ಆದರೆ ಅದಕ್ಕೆ ತಿಂಗಳ ಕಂತು ಕಟ್ಟುವ ಅಗತ್ಯವಿಲ್ಲ.

ಎಲ್ಲರೂ ಬಿಡಿ ಸಂಚಿಕೆ ಕೊಳ್ಳುವುದನ್ನು ನಿಲ್ಲಿಸಿದರೆ ಅಂಗಡಿಗಳು ಮುಚ್ಚುತ್ತವೆ, ಒಳ್ಳೆಯ ಸರಣಿಗಳೂ ನಡುವೆಯೇ ನಿಲ್ಲುತ್ತವೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಉಳಿದ ಮಾಲನ್ನು ಅಂಗಡಿಯವನು ಸಾಮಾನ್ಯವಾಗಿ ವಾಪಸ್ ಕಳಿಸುವಂತಿಲ್ಲ. ಮುಂಗಡ ಹೇಳಿಟ್ಟ ಗಿರಾಕಿಯೇ ಅವನ ಆಧಾರ. ಹಾಗಾಗಿ ನಿಜಕ್ಕೂ ಕಾದು ಓದುವ ಒಂದೆರಡು ಸರಣಿ ಹೇಳಿಡಿ ಎನ್ನುತ್ತೇನೆ. ಉಳಿದದ್ದಕ್ಕೆ ಆಪ್‌ಗಳ ಚಂದಾ ಇದೆ, ಗ್ರಂಥಾಲಯವಿದೆ, ಹಲವು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ಟ್ರೇಡ್ ಇದೆ. ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲೋ ಚಿತ್ರಿಸಿದ ಬ್ಯಾಟ್‌ಮನ್‌ನ 'ಕೋರ್ಟ್ ಆಫ್ ಔಲ್ಸ್' ಹನ್ನೊಂದು ಸಂಚಿಕೆಗಳಲ್ಲಿ ಹರಡಿದೆ. ಶುರುವಿನ 2.99 ಡಾಲರ್‌ನಂತೆ ಹಿಡಿದರೂ 32.89 ಆಗುತ್ತದೆ, ಡಿಸಿ ಈಗ ಅದನ್ನೇ ಕಾಂಪ್ಯಾಕ್ಟ್ ಆವೃತ್ತಿಯಲ್ಲಿ 9.99ಕ್ಕೆ ಕೊಡುತ್ತಿದೆ. ಅದೇ ಸ್ನೈಡರ್ 2024ರಲ್ಲಿ ನಿಕ್ ಡ್ರಗಾಟಾ ಜೊತೆ ಶುರುಮಾಡಿದ 'ಅಬ್ಸಲ್ಯೂಟ್ ಬ್ಯಾಟ್‌ಮನ್' ಬಿಡಿ ಸಂಚಿಕೆಯಾಗಿ ಕೊಳ್ಳತಕ್ಕದ್ದು, ಮಾಮೂಲಿ ಮುಖಪುಟದಲ್ಲಿ. ನಾಳೆ ಅವರು ಬೇರೆ ಕಂಪನಿಗೆ ಹೋದರೆ ಪುಲ್ ಲಿಸ್ಟ್‌ನ ಆ ಜಾಗವನ್ನು ಇನ್ನೊಂದು ಬ್ಯಾಟ್‌ಮನ್ ಸರಣಿಯಿಂದ ತುಂಬಬೇಕಿಲ್ಲ.