ಮೊದಲು ಮೇಷ್ಟ್ರು, ಆಮೇಲೆ ಸೀಟು

ಪ್ರವೇಶದ ಹಂಗಾಮು ಬಂತೆಂದರೆ ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ಈ ಸಲ ಅಡ್ಮಿಷನ್ ಎಷ್ಟಾಯಿತು? ಹೋದ ವರ್ಷಕ್ಕಿಂತ ಹತ್ತು ಹೆಚ್ಚಾದರೆ ಸಮಾಧಾನ, ಹತ್ತು ಕಮ್ಮಿಯಾದರೆ ಕಳವಳ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ತಾಲೂಕುಗಳಲ್ಲಿ ಈ ಕಳವಳ ಇನ್ನೂ ಜಾಸ್ತಿ. ಹಳಿಯಾಳದ ಹುಡುಗರಿಗೆ ಧಾರವಾಡ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಬಸ್ಸು ಹತ್ತಿದರೆ ಮುಗಿಯಿತು. ಹೀಗಾಗಿ ಮಕ್ಕಳನ್ನು ಉಳಿಸಿಕೊಳ್ಳಬೇಕೆಂದರೆ ಹೊಸ ಕಾಂಬಿನೇಷನ್ ತೆರೆಯಬೇಕು, ಸೀಟು ಹೆಚ್ಚಿಸಬೇಕು, ಮೇಷ್ಟ್ರು ಹೇಗೋ ಬರುತ್ತಾರೆ ಎಂಬುದು ನಮ್ಮ ಕಡೆ ಬೇರೂರಿದ ಯೋಚನೆ. ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಕಾರ್ಯಭಾರದ ಪಟ್ಟಿ, ವೇಳಾಪಟ್ಟಿ, ಹುದ್ದೆಗಳ ಪ್ರಸ್ತಾವನೆ ಇವುಗಳ ನಡುವೆ ವರ್ಷಗಟ್ಟಲೆ ಕೂತ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಮೂರು ವರ್ಷ ಪಾಠ ಹೇಳುವವರು ಯಾರೆಂದು ಗೊತ್ತಾಗುವ ಮೊದಲು ಸೀಟು ಹೆಚ್ಚಿಸಬಾರದು. ನಾನು ಕಲಿತದ್ದು ಇಷ್ಟೇ. ಹೇಳಲು ಒಂದು ಸಾಲು. ಅದರ ಹಿಂದಿನ ಲೆಕ್ಕವನ್ನು ಮಾತ್ರ ಬಿಡಿಸಿ ನೋಡಬೇಕು.

ಕಾಲೇಜಿನ ಲೆಕ್ಕ ತಲೆಗಳದ್ದಲ್ಲ, ಗಂಟೆಗಳದ್ದು. ಬಿ.ಎ. ಇತಿಹಾಸದ ತರಗತಿಯಲ್ಲಿ 12 ಮಕ್ಕಳಿದ್ದರೂ 60 ಮಕ್ಕಳಿದ್ದರೂ ವಾರದ ಪಾಠದ ಗಂಟೆ ಅಷ್ಟೇ. ಅಂದರೆ ಇರುವ ತರಗತಿ ತುಂಬಿದರೆ ಹೊಸ ಹುದ್ದೆ ಬೇಕಾಗುವುದಿಲ್ಲ. ಮಕ್ಕಳು ಐದೇ ಜನ ಇದ್ದರೂ ಹೊಸ ವಿಷಯ ತೆರೆದ ಕೂಡಲೇ ಹುದ್ದೆ ಬೇಕಾಗುತ್ತದೆ. ಬಿ.ಎಸ್ಸಿ.ಯ ಒಂದು ಹೊಸ ವಿಷಯವನ್ನೇ ತೆಗೆದುಕೊಳ್ಳೋಣ. ವಾರಕ್ಕೆ 4 ಗಂಟೆ ಪಾಠ, 4 ಗಂಟೆ ಪ್ರಯೋಗ ಎಂದಿಟ್ಟುಕೊಂಡರೆ ಮೊದಲ ವರ್ಷ 8 ಗಂಟೆ, ಎರಡನೇ ವರ್ಷ 16, ಮೂರನೇ ವರ್ಷ 24. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರೊಬ್ಬರ ನೇರ ಬೋಧನೆ ವಾರಕ್ಕೆ 16 ಗಂಟೆ. ಮೊದಲ ವರ್ಷ ಅರ್ಧ ಹುದ್ದೆಯ ಕೆಲಸ, ಎರಡನೇ ವರ್ಷ ಒಂದು, ಮೂರನೇ ವರ್ಷ ಒಂದೂವರೆ. ಮಕ್ಕಳ ಸಂಖ್ಯೆ ಹೆಚ್ಚಾಗಿ ಪ್ರಯೋಗಾಲಯದಲ್ಲಿ ಎರಡು ಬ್ಯಾಚ್ ಮಾಡಬೇಕಾಗಿ ಬಂದರೆ ಅದೇ ಲೆಕ್ಕ 12, 24, 36ಕ್ಕೆ ಏರುತ್ತದೆ. ತಲೆಯೆಣಿಕೆಗೆ ನಿಜವಾದ ತೂಕ ಬರುವುದು ಈ ಬ್ಯಾಚ್ ಒಡೆಯುವ ಜಾಗದಲ್ಲಿ. ಆದರೆ ಪ್ರಸ್ತಾವನೆ ಸಿದ್ಧವಾಗುವುದು ಮೊದಲ ವರ್ಷದ 8 ಗಂಟೆಯ ಮೇಲೆ. ಆಗ ಎಲ್ಲರಿಗೂ ಇದು ಸಣ್ಣ ಭಾರವಾಗಿಯೇ ಕಾಣುತ್ತದೆ. ಭಾರ ಪೂರ್ತಿಯಾಗಿ ಇಳಿಯುವುದು ಮೂರನೇ ವರ್ಷಕ್ಕೆ, ಅದೂ ಕಠಿಣ ಪತ್ರಿಕೆಗಳು ಬರುವ ಹೊತ್ತಿಗೆ.

ಹಾಗಾದರೆ ಮೂರನೇ ವರ್ಷಕ್ಕೆ ಹುದ್ದೆ ತುಂಬಿಕೊಂಡರಾಯಿತಲ್ಲ ಎನ್ನಬಹುದು. ತುಂಬಲು ಎಷ್ಟು ಕಾಲ ಬೇಕು ಎಂಬುದಕ್ಕೆ ನಮ್ಮ ರಾಜ್ಯದ ಉದಾಹರಣೆಯೇ ಸಾಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಹೊರಟದ್ದು 2021ರಲ್ಲಿ, ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಆಯ್ಕೆಯಾದವರು ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ, ಅಧಿಸೂಚನೆಯ ವರ್ಷ ಪದವಿಗೆ ಸೇರಿದ್ದ ಮಕ್ಕಳು ಮೂರನೇ ವರ್ಷಕ್ಕೆ ಬಂದಾಗಿತ್ತು. ಸೀಟು ಒಂದು ಆದೇಶದಲ್ಲಿ ಹೆಚ್ಚುತ್ತದೆ, ಹುದ್ದೆ ತುಂಬಲು ಒಂದು ಇಡೀ ಬ್ಯಾಚ್ ಕಳೆಯುತ್ತದೆ. ಇವೆರಡನ್ನೂ ಒಟ್ಟಿಗೆ ಹೊರಡಿಸಿದರೆ ಮೊದಲನೆಯ ಬ್ಯಾಚ್ ಬಲಿಯಾಗುವುದು ಖಂಡಿತ. ಆದ್ದರಿಂದ ನೇಮಕಾತಿಯ ಗಡಿಯಾರವನ್ನು ಪ್ರವೇಶದ ಗಡಿಯಾರಕ್ಕಿಂತ ಕನಿಷ್ಠ ಮೂರು ವರ್ಷ ಮುಂದಿಡಬೇಕು.

ಮೂರು ವರ್ಷ ಮುಂದಿನ ಮಕ್ಕಳ ಸಂಖ್ಯೆ ಈಗಲೇ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಬರುತ್ತದೆ. ಮೂರಲ್ಲ, ಐದು ವರ್ಷ ಮುಂದಿನದೂ ಗೊತ್ತಾಗುತ್ತದೆ. ಇಂದು ಎಂಟನೇ ತರಗತಿಯಲ್ಲಿ ಕೂತಿರುವ ಮಗು ಐದು ವರ್ಷಕ್ಕೆ ಪದವಿ ಕಾಲೇಜಿನ ಬಾಗಿಲಿಗೆ ಬರುತ್ತದೆ. ಶಾಲೆಯ ಮಕ್ಕಳಿಗೆಲ್ಲ ಸ್ಯಾಟ್ಸ್ ಎಂಬ ದಾಖಲೆ ಸಂಖ್ಯೆ ಇದೆ. ತಾಲೂಕಿನಲ್ಲಿ ಎಂಟರಲ್ಲಿ ಎಷ್ಟು, ಹತ್ತರಲ್ಲಿ ಎಷ್ಟು, ಪಿಯುಸಿಯಲ್ಲಿ ವಿಜ್ಞಾನ ಎಷ್ಟು, ಕಲೆ ಎಷ್ಟು ಎಂದು ತೆಗೆಯಬಹುದು. ಬಿಇಒ ಕಚೇರಿ ಮತ್ತು ಪದವಿ ಕಾಲೇಜು ಒಂದೇ ಊರಿನಲ್ಲಿದ್ದರೂ ಈ ಅಂಕಿ ಅಲ್ಲಿಂದ ಇಲ್ಲಿಗೆ ಬರುವ ರೂಢಿ ಇಲ್ಲ, ಯಾಕೆಂದರೆ ಎರಡರ ಇಲಾಖೆ ಬೇರೆ. ಈ ಅಂಕಿ ಇಲ್ಲದೆ ಮಾಡುವ ಯೋಜನೆ ಹೆಚ್ಚಾಗಿ ಹಾರೈಕೆಯಾಗಿರುತ್ತದೆ. ದಾಂಡೇಲಿ ನಗರದ ಜನಸಂಖ್ಯೆ 2001ರಿಂದ 2011ರ ನಡುವೆ ಬೆಳೆಯುವ ಬದಲು ತುಸು ಇಳಿದದ್ದು ಜನಗಣತಿಯಲ್ಲೇ ಇದೆ. ಜೋಯಿಡಾ ವಿಸ್ತಾರದಲ್ಲಿ ದೊಡ್ಡ ತಾಲೂಕು, ಜನ ಸುಮಾರು 50 ಸಾವಿರ. ಇಂಥಲ್ಲಿ ಪ್ರವೇಶ ಹೆಚ್ಚಬೇಕೆಂದರೆ ಅದು ಜನಸಂಖ್ಯೆಯಿಂದ ಬರುವುದಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲುಳಿಯುವ ಮಕ್ಕಳನ್ನು, ಅದರಲ್ಲೂ ಕುಣಬಿ, ಗೌಳಿ, ಸಿದ್ದಿ ಮನೆಗಳ ಮಕ್ಕಳನ್ನು, ಕಾಲೇಜಿಗೆ ತಂದರೆ ಮಾತ್ರ ಬರುತ್ತದೆ. ಅವರನ್ನು ತರುವುದು ಹಾಸ್ಟೆಲ್, ಬಸ್ಸು ಮತ್ತು ವರ್ಷವಿಡೀ ಇರುವ ಮೇಷ್ಟ್ರು. ಹದಿನಾಲ್ಕು ಕಾಂಬಿನೇಷನ್‌ಗಳ ಬ್ಯಾನರ್ ಅವರನ್ನು ತರುವುದಿಲ್ಲ.

ಅತಿಥಿ ಉಪನ್ಯಾಸಕರಿದ್ದಾರಲ್ಲ, ಅವರಿಂದ ನಡೆಸಿದರಾಯಿತು ಎಂಬುದು ನಾನು ಅತಿ ಹೆಚ್ಚು ಕೇಳಿದ ಆಕ್ಷೇಪ. ನಮ್ಮ ಕಾಲೇಜುಗಳು ಇವತ್ತು ಬಾಗಿಲು ತೆರೆದಿರುವುದೇ ಅವರಿಂದ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ವ್ಯವಸ್ಥೆಯ ಅಡಿಪಾಯ ನೋಡಿ. 2022ರ ಜನವರಿಯ ಆದೇಶದಲ್ಲಿ ಗೌರವಧನ 11 ಸಾವಿರ, 13 ಸಾವಿರದ ಮಟ್ಟದಿಂದ ಅರ್ಹತೆ ಮತ್ತು ಅನುಭವ ನೋಡಿಕೊಂಡು 26 ಸಾವಿರದಿಂದ 32 ಸಾವಿರಕ್ಕೆ ಏರಿತು. ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಏರಿತು. ಸಂಬಳ ಹೆಚ್ಚಿದ್ದು ನ್ಯಾಯವೇ. ಆದರೆ ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಗಂಟೆಗಳು ಒಬ್ಬರಿಗೆ ಹೋದವು, ಇನ್ನೊಬ್ಬರು ಮನೆಗೆ ಹೋದರು. ದೊಡ್ಡ ಊರಿನ ಕಾಲೇಜಿನಲ್ಲಿ 15 ಗಂಟೆ ಒಂದೇ ಕಟ್ಟಡದಲ್ಲಿ ಸಿಗುತ್ತದೆ. ಸಣ್ಣ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಇರುವುದೇ 8 ಗಂಟೆಯಾದರೆ ಆ ಹುದ್ದೆಗೆ ಬರುವವರು ಯಾರು? 2023ರ ನವೆಂಬರ್‌ನಿಂದ ಖಾಯಮಾತಿಗಾಗಿ ಅವರು ರಾಜ್ಯದಾದ್ಯಂತ ತರಗತಿ ಬಿಟ್ಟು ಧರಣಿ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. 2024ರ ಜನವರಿಯಲ್ಲಿ ಸರ್ಕಾರ ಸೇವಾವಧಿಯ ಮೇಲೆ 5ರಿಂದ 8 ಸಾವಿರದವರೆಗೆ ಗೌರವಧನ ಹೆಚ್ಚಿಸಿತು. ಹುದ್ದೆ ಮಾತ್ರ ತಾತ್ಕಾಲಿಕವಾಗಿಯೇ ಉಳಿಯಿತು. ಅವರ ಆಯ್ಕೆಯ ಕೌನ್ಸೆಲಿಂಗ್ ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳು ಹಾಗೇ ಹೋಗುತ್ತವೆ, ಮಳೆಗಾಲದಲ್ಲಿ ಜೋಯಿಡಾದ ಕಡೆ ರಜೆಗಳೂ ಸೇರುತ್ತವೆ. ಹದಿನಾರು ವಾರದ ಪಾಠ ಹತ್ತು ವಾರಕ್ಕೆ ಇಳಿದರೆ ಪ್ರವೇಶದ ಅಂಕಿ ಎಷ್ಟಿದ್ದರೇನು?

ಪಠ್ಯಕ್ರಮವೇ ಬದಲಾಗುತ್ತಿದ್ದರೆ ಮುಂದಾಲೋಚನೆಗೆ ಅರ್ಥವೇನು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, ಮುಕ್ತ ಆಯ್ಕೆಯ ವಿಷಯಗಳು ಬಂದವು, 2024-25ರಿಂದ ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನಡುವೆ ಒಂದೇ ಕಾಲೇಜಿನಲ್ಲಿ ಎರಡು ಪದ್ಧತಿಗಳ ಪಾಠಗಳು ಒಟ್ಟಿಗೆ ನಡೆದವು, ಕಾರ್ಯಭಾರದ ಪಟ್ಟಿಯನ್ನು ಮತ್ತೆ ಮತ್ತೆ ಬರೆಯಬೇಕಾಯಿತು. ಆದರೆ ಇದರಿಂದ ಸಿಗುವ ಪಾಠ ಬೇರೆ. ಎರಡೂ ಪದ್ಧತಿಗಳಲ್ಲಿ ಭಾಷೆ ಇತ್ತು, ಮೂಲ ವಿಷಯಗಳಿದ್ದವು. ಏರಿಳಿದದ್ದು ಅಂಚಿನ ಪತ್ರಿಕೆಗಳು. ಕಾಯಂ ಹುದ್ದೆಗಳನ್ನು ಯಾವ ನೀತಿ ಬಂದರೂ ಅಲುಗಾಡದ ಈ ಮೂಲ ವಿಷಯಗಳಿಗೆ ಕಟ್ಟಬೇಕು, ಅಂಚಿನ ಪತ್ರಿಕೆಗಳಿಗೆ ಅತಿಥಿಗಳನ್ನು ಕರೆಯಬೇಕು. ಈಗ ನಾವು ಅನೇಕ ಕಡೆ ನಡೆಸುತ್ತಿರುವುದು ಇದರ ತಿರುಗಾಮುರುಗಾ.

ಇದು ಬರೀ ಸರ್ಕಾರಿ ಕಾಲೇಜಿನ ಮಾತಲ್ಲ. ಹಳಿಯಾಳದಲ್ಲಿ 2004ರಿಂದ ಕೆಎಲ್‌ಎಸ್ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜಿದೆ. ಎಂಜಿನಿಯರಿಂಗ್ ಲೆಕ್ಕ ತಲೆಗಳದ್ದೇ: ಎಐಸಿಟಿಇ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ. 60 ಸೀಟಿನ ಒಂದು ವಿಭಾಗ ನಾಲ್ಕು ವರ್ಷ ತುಂಬಿದರೆ 240 ಮಕ್ಕಳು, 12 ಅಧ್ಯಾಪಕರು. 2024-25ರಿಂದ ಒಂದು ಬ್ರಾಂಚಿನಲ್ಲಿ ಎಷ್ಟು ಸೀಟು ಎಂಬ ಮಿತಿಯನ್ನು ಎಐಸಿಟಿಇ ತೆಗೆದ ಮೇಲೆ ಎಲ್ಲರ ಕಣ್ಣೂ ಕಂಪ್ಯೂಟರ್ ಸೈನ್ಸ್ ಮೇಲೆ. ಮೊದಲ ವರ್ಷದ ಪಾಠ ಬಹುಪಾಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದವರದ್ದಾದ್ದರಿಂದ ಹೆಚ್ಚಿಸಿದ ಸೀಟಿನ ಬಿಸಿ ವಿಭಾಗಕ್ಕೆ ತಟ್ಟುವುದು ಎರಡನೇ ವರ್ಷಕ್ಕೆ. ಅಷ್ಟರಲ್ಲಿ ಆ ವಿಷಯ ಬಲ್ಲವರನ್ನು ಬೆಂಗಳೂರಿನ ಕಂಪನಿಗಳ ಸಂಬಳದೆದುರು ಎಳೆದು ತರಬೇಕು. ಇದು ಯಾವುದೇ ಸಣ್ಣ ಊರಿನ ತಾಂತ್ರಿಕ ಕಾಲೇಜಿನ ಕಷ್ಟ.

ಮನೆ ಹತ್ತಿರ ವಿಷಯ ಇಲ್ಲದಿದ್ದರೆ ಹೆಣ್ಣುಮಕ್ಕಳ ಓದು ನಿಲ್ಲುತ್ತದೆ, ನೀವು ಮೇಷ್ಟ್ರಿಗಾಗಿ ಕಾಯಿರಿ ಎನ್ನುವುದು ಅವರಿಗೆ ಬಾಗಿಲು ಮುಚ್ಚಿದ ಹಾಗೆ ಎಂಬುದು ಮೂರನೆಯ ಆಕ್ಷೇಪ; ಎಲ್ಲಕ್ಕಿಂತ ತೂಕದ್ದು. ಉನ್ನತ ಶಿಕ್ಷಣದಲ್ಲಿ ನಮ್ಮ ರಾಜ್ಯದ ಒಟ್ಟು ದಾಖಲಾತಿ ಅನುಪಾತ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಶೇ. 36.2, ರಾಷ್ಟ್ರೀಯ ಶಿಕ್ಷಣ ನೀತಿ 2035ಕ್ಕೆ ಇಟ್ಟುಕೊಂಡ ಗುರಿ ಶೇ. 50. ಕಾಡಂಚಿನ ತಾಲೂಕುಗಳನ್ನು ಬಿಟ್ಟು ಈ ಗುರಿ ಮುಟ್ಟುವಂತಿಲ್ಲ. ಜೋಯಿಡಾದಲ್ಲಿ ಕಾಲೇಜು ಇರಲೇಬೇಕು ಎಂಬುದರಲ್ಲಿ ನನ್ನದೂ ಒಂದೇ ಮಾತು. ನನ್ನ ತಕರಾರು, ಒಂದೊಂದು ಕಾಲೇಜೂ ಎಲ್ಲವನ್ನೂ ಇಟ್ಟುಕೊಳ್ಳುವ ಹಟದ ಬಗ್ಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿಲ್ಲ. ಉಳಿದಿರುವುದು ಬಸ್ಸಿನ ವೇಳೆ. ಜೋಯಿಡಾ, ದಾಂಡೇಲಿ, ಹಳಿಯಾಳ ಒಂದೇ ರಸ್ತೆಯ ಸಾಲಿನಲ್ಲಿವೆ. ಈ ಮೂರನ್ನು ಒಂದು ಗುಂಪು ಮಾಡಿ, ಭಾಷೆ, ಕಲೆ, ವಾಣಿಜ್ಯ ಎಲ್ಲ ಕಡೆ, ವಿಜ್ಞಾನದ ಕಾಂಬಿನೇಷನ್‌ಗಳು ಒಂದೊಂದು ಕಡೆ ಒಂದೊಂದು ಎಂದು ಹಂಚಿಕೊಂಡರೆ ಒಂದೇ ವಿಷಯಕ್ಕೆ ಮೂರೂ ಕಡೆ ಮೇಷ್ಟ್ರನ್ನು ಹುಡುಕುವ ಬದಲು ಒಂದು ಕಡೆ ಹುದ್ದೆ ತುಂಬಿದರೆ ಸಾಕಾಗುತ್ತದೆ. ಮುಂಡಗೋಡವನ್ನು ಈ ಗುಂಪಿಗೆ ಎಳೆಯಬಾರದು. ನಕ್ಷೆಯಲ್ಲಿ ಒಂದೇ ಜಿಲ್ಲೆಯಾದರೂ ಅದರ ಸಹಜ ಜೊತೆ ಯಲ್ಲಾಪುರ, ಅದರ ಪೇಟೆ ಹುಬ್ಬಳ್ಳಿ. ಆನ್‌ಲೈನ್ ಪಾಠದಿಂದ ಇದನ್ನೆಲ್ಲ ತಪ್ಪಿಸಬಹುದು ಎನ್ನುವವರು ಜೋಯಿಡಾದ ಅಣಶಿಯ ಕಡೆಯ ಊರುಗಳಲ್ಲಿ ಒಮ್ಮೆ ಸಿಗ್ನಲ್ ಹುಡುಕಿ ನೋಡಲಿ.

ಮೇಷ್ಟ್ರು ನೆಲೆನಿಂತಲ್ಲಿಗೆ ಮಕ್ಕಳು ಬರುತ್ತಾರೆ ಎಂಬುದಕ್ಕೆ ಸಾಕ್ಷಿ ಮುಂಡಗೋಡದಲ್ಲೇ ಇದೆ. 1960ರ ದಶಕದಲ್ಲಿ ಅಲ್ಲಿ ಟಿಬೆಟನ್ನರ ವಸತಿ ಆದ ಮೇಲೆ ಟಿಬೆಟ್ಟಿನ ಡ್ರೆಪುಂಗ್, ಗಾಂದೆನ್ ಬೌದ್ಧ ಮಠಗಳು ಮತ್ತೆ ನಿಂತವು. ಲಡಾಖ್‌ನಿಂದಲೂ ಹುಡುಗರು ವರ್ಷಾನುಗಟ್ಟಲೆ ಓದಲು ಅಲ್ಲಿಗೆ ಬರುತ್ತಾರೆ. ಮಠದ ಓದಿಗೂ ಬಿ.ಎ.ಗೂ ಹೋಲಿಕೆ ಸಲ್ಲದು ಎಂದರೆ ಒಪ್ಪುತ್ತೇನೆ. ದೂರದೂರು, ಸಣ್ಣ ಊರು, ಮಳೆಯೂರು ಎಂಬ ಕಾರಣಕ್ಕೆ ವಿದ್ಯೆ ಬೆಳೆಯುವುದಿಲ್ಲ ಎಂಬ ಮಾತನ್ನಂತೂ ಅದು ಸುಳ್ಳು ಮಾಡಿದೆ.

ಇಲ್ಲಿ ಹೇಳಿದ್ದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಬಿಇಒ ಕಚೇರಿಯ ಅಂಕಿ, ಮೂರು ವರ್ಷದ ಗಂಟೆಗಳ ಪಟ್ಟಿ, ನಿವೃತ್ತಿಯ ದಿನಾಂಕಗಳು, ಬಸ್ಸಿನ ವೇಳೆ ಇವಿಷ್ಟನ್ನು ಒಂದೇ ಹಾಳೆಯಲ್ಲಿಟ್ಟು ನೋಡಿ, ಆಮೇಲೆ ಹೊಸ ವಿಷಯಕ್ಕೆ ಅರ್ಜಿ ಹಾಕಿದರೆ ಸಾಕು. ಅಲ್ಲಿಯತನಕ ತಂದೆತಾಯಿಗಳಿಗೆ ನನ್ನದೊಂದು ಮಾತು. ಮುಂದಿನ ಸಲ ಮಗಳನ್ನು ಕಾಲೇಜಿಗೆ ಸೇರಿಸಲು ಹೋದಾಗ ಸೀಟು ಉಂಟೋ ಎಂದು ಕೇಳಿ ಸುಮ್ಮನಾಗಬೇಡಿ. ಮೂರನೇ ವರ್ಷ ಈ ವಿಷಯಕ್ಕೆ ಪಾಠ ಮಾಡುವವರು ಯಾರು ಎಂದೂ ಕೇಳಿ. ಹೆಸರು ಹೇಳಿದರೆ ಸೇರಿಸಿ. ನೋಡೋಣ ಎಂದರೆ ನೀವೂ ಇನ್ನೊಂದು ಕಾಲೇಜು ನೋಡಿ.